ಮಗನಿಗೆ ಬುದ್ಧಿ, ಮಗಳಿಗೆ ಶ್ರಮ: ಲೆಕ್ಕದಲ್ಲಿ ನಾವು ಮಾಡುವ ಭೇದ

ಅಂಕಪಟ್ಟಿ ಮನೆಗೆ ಬಂದ ದಿನವನ್ನು ಒಮ್ಮೆ ನೆನಪಿಸಿಕೊಳ್ಳಿ. ಮಗನಿಗೆ ಗಣಿತದಲ್ಲಿ ನೂರಕ್ಕೆ 45 ಬಂದಿದೆ. ನೀವು ಏನಂದಿರಿ? "ಅವನಿಗೆ ಬುದ್ಧಿ ಇದೆ, ಮನಸ್ಸು ಕೊಡಲ್ಲ ಅಷ್ಟೇ." ಮಗಳಿಗೆ 85 ಬಂದಿದೆ. ಆಗ ಏನಂದಿರಿ? "ಪಾಪ, ರಾತ್ರಿಯೆಲ್ಲ ಕೂತು ಓದಿದಳು."

ಎರಡು ಮಾತೂ ಪ್ರೀತಿಯಿಂದಲೇ ಬಂದವು. ಆದರೆ ಮಕ್ಕಳು ಕೇಳಿಸಿಕೊಂಡದ್ದು ಬೇರೆ. ತನಗೆ ಬುದ್ಧಿ ಇದ್ದೇ ಇದೆ, ಓದುವುದು ನಾಳೆಗೂ ಆಗುತ್ತದೆ ಎಂದು ಮಗ ತಿಳಿದುಕೊಂಡ. ತನ್ನದು ಬರೀ ಶ್ರಮ, ಪಾಠ ಗಟ್ಟಿಯಾದ ದಿನ ತನ್ನ ಕೈಲಾಗದು ಎಂದು ಮಗಳು ತಿಳಿದುಕೊಂಡಳು. 45 ತಂದವನು ನಿಶ್ಚಿಂತೆಯಿಂದ ಮಲಗಿದ, 85 ತಂದವಳು ಅಳುಕಿನಿಂದ ಮಲಗಿದಳು.

ಗಣಿತದಲ್ಲಿ ಗಂಡು ಹೆಣ್ಣೆಂಬ ಭೇದ ಇದೆಯೇ ಎಂದು ಪಾಲಕರು ನನ್ನನ್ನು ಕೇಳುವುದುಂಟು. ಮಕ್ಕಳ ತಲೆಯಲ್ಲಿ ಅದನ್ನು ನಾನು ಕಂಡಿಲ್ಲ. ನಮ್ಮ ಬಾಯಿಯಲ್ಲಿ, ನಮ್ಮ ತರಗತಿಯಲ್ಲಿ, ಹತ್ತನೇ ತರಗತಿ ಮುಗಿದ ಮೇಲೆ ನಾವು ಮಾಡುವ ತೀರ್ಮಾನದಲ್ಲಿ ಕಂಡಿದ್ದೇನೆ. ಅದನ್ನು ಮಾಡಿದವರಲ್ಲಿ ನಾನೂ ಒಬ್ಬ. ಆ ಮಾತಿಗೆ ಮುಂದೆ ಬರುತ್ತೇನೆ.

ಅಂಕಿಗಳು ಏನು ಹೇಳುತ್ತವೆ

ಮೊದಲು ನಮ್ಮ ಕಡೆಯ ಲೆಕ್ಕ ನೋಡೋಣ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ 'ಅಸರ್' ಸಮೀಕ್ಷೆಯ ಹೆಸರನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. 2018ರಲ್ಲಿ ಅದು 14ರಿಂದ 16 ವಯಸ್ಸಿನ ಮಕ್ಕಳಿಗೆ ಒಂದು ಭಾಗಾಕಾರದ ಲೆಕ್ಕ ಕೊಟ್ಟಿತು. ದೇಶದಾದ್ಯಂತ ಹುಡುಗರಲ್ಲಿ ನೂರಕ್ಕೆ 50 ಮಂದಿ ಸರಿಯಾಗಿ ಮಾಡಿದರು, ಹುಡುಗಿಯರಲ್ಲಿ 44 ಮಂದಿ. ಇಷ್ಟನ್ನೇ ಓದಿದವರು "ನೋಡಿ, ನಾವು ಹೇಳಿದ್ದೇ ಸರಿ" ಅನ್ನುತ್ತಾರೆ. ಅದೇ ವರದಿಯ ಮುಂದಿನ ಮಾತನ್ನೂ ಓದಬೇಕು. ತಮಿಳುನಾಡು, ಕರ್ನಾಟಕ, ಕೇರಳ, ಹಿಮಾಚಲ ಪ್ರದೇಶ, ಪಂಜಾಬ್ ರಾಜ್ಯಗಳಲ್ಲಿ ಅದೇ ವಯಸ್ಸಿನ ಹುಡುಗಿಯರು ಹುಡುಗರಿಗಿಂತ ಮುಂದಿದ್ದರು.

ಹೆಣ್ಣಿನ ತಲೆಯೇ ಲೆಕ್ಕಕ್ಕೆ ಆಗದು ಎಂಬುದು ನಿಜವಾಗಿದ್ದರೆ ಅದು ರಾಜ್ಯದ ಗಡಿ ದಾಟುವಾಗ ಬದಲಾಗಬಾರದಿತ್ತು. ಗಡಿಯಲ್ಲಿ ಬದಲಾಗುವುದು ಶಾಲೆ, ಬಸ್ಸು, ಮಧ್ಯಾಹ್ನದ ಊಟ, ಮದುವೆಯ ವಯಸ್ಸು ಮತ್ತು ಮನೆಯವರ ನಂಬಿಕೆ.

ಇನ್ನೊಂದು ಲೆಕ್ಕ ದೂರದ ಫ್ರಾನ್ಸ್ ದೇಶದ್ದು. ಅಲ್ಲಿ ಒಂದನೇ ತರಗತಿಗೆ ಸೇರುವ ಎಲ್ಲ ಮಕ್ಕಳಿಗೂ ಸರ್ಕಾರವೇ ಪರೀಕ್ಷೆ ನಡೆಸುತ್ತದೆ. 2018ರಿಂದ 2022ರವರೆಗಿನ 26 ಲಕ್ಷಕ್ಕೂ ಹೆಚ್ಚು ಮಕ್ಕಳ ಫಲಿತಾಂಶವನ್ನು ಸಂಶೋಧಕರು ಪರಿಶೀಲಿಸಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಶಾಲೆಗೆ ಕಾಲಿಟ್ಟ ದಿನ ಹುಡುಗ ಹುಡುಗಿಯರು ಲೆಕ್ಕದಲ್ಲಿ ಹೆಚ್ಚುಕಡಿಮೆ ಸಮಸಮ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಹುಡುಗರು ಸ್ವಲ್ಪ ಮುಂದೆ. ಒಂದು ವರ್ಷ ಕಳೆದಾಗ ಅಂತರ ಇನ್ನೂ ದೊಡ್ಡದು. ಆ ಅಂತರ ಮಗುವಿನ ವಯಸ್ಸಿನ ಜೊತೆಗಲ್ಲ, ಶಾಲೆಯಲ್ಲಿ ಕಳೆದ ದಿನಗಳ ಜೊತೆಗೆ ಬೆಳೆಯಿತು. ಮೇಷ್ಟರಾಗಿದ್ದ ನನಗೆ ಇದು ನುಂಗಲಾರದ ತುತ್ತು. ಮಗು ಹುಟ್ಟಿನಿಂದ ತಂದದ್ದಲ್ಲ, ನಾವೇ ಕಲಿಸಿದ್ದು ಎಂದಾಯಿತಲ್ಲ!

ನಾನಿರುವ ಕಂಬಂ ಕಣಿವೆಯಿಂದ ದಿಂಡಿಗಲ್ ದೂರವಲ್ಲ. 2023ರ ಪ್ಲಸ್ ಟು ಪರೀಕ್ಷೆಯಲ್ಲಿ ಆ ಊರಿನ ಬಡಗಿಯೊಬ್ಬರ ಮಗಳು 600ಕ್ಕೆ 600 ತೆಗೆದು ಇಡೀ ತಮಿಳುನಾಡೇ ತಿರುಗಿ ನೋಡುವಂತೆ ಮಾಡಿದಳು. ಅವಳು ಓದಿದ್ದು ವಾಣಿಜ್ಯ ವಿಭಾಗದಲ್ಲಿ. ಲೆಕ್ಕಶಾಸ್ತ್ರದಲ್ಲಿ ಒಂದಂಕವೂ ಕಳೆದುಕೊಳ್ಳದ ಹುಡುಗಿಯನ್ನು ಕಣ್ಣಾರೆ ಕಂಡ ಮೇಲೂ "ಹುಡುಗಿಯರಿಗೆ ಲೆಕ್ಕ ಬರಲ್ಲ" ಅನ್ನುವವರು ನಮ್ಮ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಇದ್ದಾರೆ.

ನನ್ನ ಡೈರಿಯ ಗೆರೆಗಳು

ಈಗ ತರಗತಿಯೊಳಗೆ ಬನ್ನಿ. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳಿವೆ. ಮಾತು ಕನ್ನಡ, ಓದುವ ಅಕ್ಷರ ತಮಿಳು. ನಾನು ಬೆಳೆದದ್ದೂ ಹಾಗೆಯೇ. ಕನ್ನಡ ಅಕ್ಷರ ಕಲಿತು ಗಡಿಭಾಗದ ಕನ್ನಡ ಮಾಧ್ಯಮದಲ್ಲಿ ಪಾಠ ಹೇಳಿದ್ದು ಆಮೇಲೆ. ಎರಡೂ ಭಾಷೆಯ ತರಗತಿಗಳಲ್ಲಿ ನಿಂತು ನೋಡಿದ್ದರಿಂದ ಒಂದು ಸಣ್ಣ ಸಂಗತಿ ನನ್ನ ಗಮನಕ್ಕೆ ಬಂತು.

ತಮಿಳಿನಲ್ಲಿ ತೊಂಬತ್ತಕ್ಕೆ 'ತೊಣ್ಣೂರು' ಅನ್ನುತ್ತಾರೆ. ಕನ್ನಡದ ಕಿವಿಗೆ ಅದರಲ್ಲಿ 'ನೂರು' ಕೇಳಿಸುತ್ತದೆ. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತಮಿಳು ಕೇಳುವ ಮಗು ತೊಂಬತ್ತು ಬರೆಯುವ ಕಡೆ ನೂರು ಬರೆಯುವುದು ಸಹಜ. ತರಗತಿ ನಗುತ್ತದೆ. ಆಮೇಲೆ ನೋಡಿ. ಹುಡುಗನಾದರೆ ಮೇಷ್ಟರು "ಲೇ, ಸರಿಯಾಗಿ ಕೇಳಿಸ್ಕೊ, ಮತ್ತೆ ಹೇಳು" ಅನ್ನುತ್ತಾರೆ, ಅವನು ಮತ್ತೆ ಹೇಳುತ್ತಾನೆ. ಹುಡುಗಿಯಾದರೆ "ಪರವಾಗಿಲ್ಲಮ್ಮ, ಕೂತ್ಕೊ" ಅನ್ನುತ್ತಾರೆ. ಕರುಣೆಯ ಮಾತೇ. ಆದರೆ ಅವಳಿಗೆ ಎರಡನೇ ಅವಕಾಶ ಸಿಗಲಿಲ್ಲ. ಹೀಗೆ ಹತ್ತು ಸಲ ಕೂತವಳು ಹನ್ನೊಂದನೇ ಸಲ ಕೈ ಎತ್ತುವುದಿಲ್ಲ.

ಒಂದು ವರ್ಷ ನನಗೆ ನನ್ನ ಮೇಲೆಯೇ ಅನುಮಾನ ಬಂತು. ಪ್ರಶ್ನೆ ಕೇಳಿದಾಗಲೆಲ್ಲ ಡೈರಿಯಲ್ಲಿ ಒಂದು ಗೆರೆ ಎಳೆಯತೊಡಗಿದೆ. ಹುಡುಗನನ್ನು ಕೇಳಿದರೆ ಎಡಕ್ಕೆ, ಹುಡುಗಿಯನ್ನು ಕೇಳಿದರೆ ಬಲಕ್ಕೆ. ನಾನು ಭೇದ ಮಾಡುವವನಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದವನು. ವಾರದ ಕೊನೆಗೆ ಎಡಗಡೆಯ ಗೆರೆಗಳು ಪುಟದ ಅಂಚು ಮುಟ್ಟಿದ್ದವು, ಬಲಗಡೆ ಅರ್ಧ ಪುಟವೂ ತುಂಬಿರಲಿಲ್ಲ. ಇನ್ನೂ ಒಂದು ವಿಷಯ ಕಂಡೆ. ಹುಡುಗಿಯರನ್ನು ನಾನು ಕೇಳುತ್ತಿದ್ದದ್ದು ಮಗ್ಗಿ, ಸೂತ್ರ, ವ್ಯಾಖ್ಯೆ. "ಇದನ್ನು ಬೇರೆ ರೀತಿ ಮಾಡಬಹುದಾ?" ಎಂಬ ಪ್ರಶ್ನೆ ಹುಡುಗರ ಪಾಲಿಗೆ ಹೋಗುತ್ತಿತ್ತು.

ಇದು ನನ್ನೊಬ್ಬನ ದೋಷ ಅಂದುಕೊಂಡಿದ್ದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆಗೆ ಗಣಿತ ಬೋಧನೆಯ ಬಗ್ಗೆ ಪ್ರತ್ಯೇಕ ವರದಿಯೊಂದು ಬಂತು. ಅದನ್ನು ಓದಿದಾಗ ನನ್ನ ಡೈರಿಯನ್ನು ಯಾರೋ ಕದ್ದು ನೋಡಿದ ಹಾಗಾಯಿತು. ಶಿಕ್ಷಕರು ಹುಡುಗಿಯರಿಗಿಂತ ಹುಡುಗರನ್ನು ಹೆಚ್ಚು ಮಾತಾಡಿಸುತ್ತಾರೆ, ಹುಡುಗರ ಯಶಸ್ಸಿಗೆ ಸಾಮರ್ಥ್ಯ ಕಾರಣವೆಂದೂ ಹುಡುಗಿಯರ ಯಶಸ್ಸಿಗೆ ಶ್ರಮ ಕಾರಣವೆಂದೂ ಹೇಳುತ್ತಾರೆ ಎಂದು ಅದರಲ್ಲಿತ್ತು. ಪಠ್ಯಪುಸ್ತಕಗಳ ಬಗ್ಗೆಯೂ ಒಂದು ಮಾತಿತ್ತು. ಲೆಕ್ಕಗಳಲ್ಲಿ ಬಟ್ಟೆ ಕೊಳ್ಳುವ ಪ್ರಸಂಗ ಎಷ್ಟೋ ಇದ್ದರೂ ಹೆಂಗಸರ ಉಡುಪಿನ ಪ್ರಸ್ತಾಪ ಒಂದೂ ಇರಲಿಲ್ಲವಂತೆ. ನಿಮ್ಮ ಮಗುವಿನ ಪುಸ್ತಕ ತೆರೆದು ನೋಡಿ. ಈಗಿನ ಪುಸ್ತಕಗಳು ಸುಧಾರಿಸಿವೆ. ಆದರೂ ಸಾಲ ಕೊಡುವವನು, ನಿವೇಶನ ಅಳೆಯುವವನು, ಲಾಭ ಮಾಡುವ ವ್ಯಾಪಾರಿ ಯಾರು, ತರಕಾರಿ ಕೊಳ್ಳುವವಳು ಯಾರು ಎಂದು ಮಗುವಿನ ಜೊತೆ ಕೂತು ಎಣಿಸಿ. ಅದೂ ಒಂದು ಲೆಕ್ಕವೇ.

ಮನೆಯ ಲೆಕ್ಕ ಯಾರ ಕೈಯಲ್ಲಿದೆ

ಶಾಲೆಯನ್ನು ದೂರಿದ್ದಾಯಿತು. ಈಗ ಮನೆಗೆ ಬರೋಣ.

ನಮ್ಮ ಸುತ್ತಮುತ್ತ ಲೆಕ್ಕ ಮಾಡದ ಹೆಂಗಸನ್ನು ತೋರಿಸಿ ನೋಡೋಣ. ನಿಲಕ್ಕೋಟೈ ಹೂವಿನ ಮಾರುಕಟ್ಟೆಯಲ್ಲಿ ಕಿಲೋ ಲೆಕ್ಕದಲ್ಲಿ ಕೊಂಡ ಮಲ್ಲಿಗೆ ಮೊಳದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಒಂದು ಕಿಲೋ ಮೊಗ್ಗು ಎಷ್ಟು ಮೊಳವಾಗುತ್ತದೆ, ಮೊಳಕ್ಕೆ ಎಷ್ಟು ಹೇಳಿದರೆ ಬಾಡುವ ಹೊತ್ತಿಗೆ ಅಸಲು ಬರುತ್ತದೆ ಎಂಬುದನ್ನು ಹೂ ಕಟ್ಟುವ ಹೆಂಗಸು ಕಾಗದವಿಲ್ಲದೆ ಹೇಳುತ್ತಾಳೆ. ಬೋಡಿನಾಯಕನೂರಿನಲ್ಲಿ ಏಲಕ್ಕಿಯನ್ನು ಗಾತ್ರ ನೋಡಿ ಬೇರ್ಪಡಿಸುವ ಕೈಗಳು ಹೆಂಗಸರವು. ಒಂದೆರಡು ಮಿಲಿಮೀಟರ್ ವ್ಯತ್ಯಾಸಕ್ಕೆ ಬೆಲೆ ಬದಲಾಗುವ ಸರಕು ಅದು. ಇತ್ತ ಹೊಸೂರು ಕಡೆಯವರಿಗೆ ನೆನಪಿರಬಹುದು. ಹೊಸೂರು ಇನ್ನೂ ಧರ್ಮಪುರಿ ಜಿಲ್ಲೆಯಲ್ಲಿದ್ದಾಗ, 1989ರಲ್ಲಿ, ಮಹಿಳೆಯರ ಸ್ವಸಹಾಯ ಸಂಘಗಳ ಯೋಜನೆ ತಮಿಳುನಾಡಿನಲ್ಲಿ ಮೊದಲು ಶುರುವಾದದ್ದು ಆ ಜಿಲ್ಲೆಯಲ್ಲೇ. ಅಂದಿನಿಂದ ಸಂಘದ ಪುಸ್ತಕದಲ್ಲಿ ಅಸಲು, ಬಡ್ಡಿ, ಕಂತು ಬರೆದು ತಾಳೆ ನೋಡುತ್ತಿರುವವರು ನಿಮ್ಮ ಮನೆಯ ಹೆಂಗಸರೇ ಅಲ್ಲವೇ?

ಬಾಗಿಲ ಮುಂದಿನ ರಂಗೋಲಿಯನ್ನೂ ಲೆಕ್ಕಕ್ಕೆ ಸೇರಿಸಿ. ಚುಕ್ಕಿಗಳನ್ನು ಸಾಲಾಗಿಟ್ಟು, ಎಳೆ ಎಲ್ಲೂ ಕಡಿಯದಂತೆ ಸುತ್ತಿ, ಹೊರಟ ಕಡೆಗೇ ಬಂದು ಸೇರಿಸುವುದು ಸುಲಭವಲ್ಲ. 1974ರಲ್ಲಿ ಗಿಫ್ಟ್ ಸಿರೋಮಣಿ, ರಾಣಿ ಸಿರೋಮಣಿ ಮತ್ತು ಕಮಲಾ ಕೃತಿವಾಸನ್ ಈ ಕೋಲಗಳ ರಚನಾ ನಿಯಮಗಳ ಮೇಲೆ ಗಣಿತದ ಪ್ರಬಂಧ ಬರೆದರು. ಮೂವರಲ್ಲಿ ಇಬ್ಬರು ಮಹಿಳೆಯರು. ನಮ್ಮ ಮಗಳು ಅದೇ ಕೋಲ ಬಿಡಿಸಿದರೆ "ಕೈ ಚೆನ್ನಾಗಿದೆ" ಅನ್ನುತ್ತೇವೆ. ಕೈಯ ಹಿಂದೆ ತಲೆಯೂ ಕೆಲಸ ಮಾಡಿದೆ ಎಂದು ಹೇಳುವುದು ನಮಗೆ ಹೊಳೆಯುವುದಿಲ್ಲ.

ಹಾಗಾದರೆ ಈ ತಾಯಂದಿರ ಮಕ್ಕಳು ಶಾಲೆಯ ಲೆಕ್ಕದಲ್ಲೇಕೆ ತಡವರಿಸುತ್ತಾರೆ? ಸಂತೆಯ ಲೆಕ್ಕಕ್ಕೂ ಶಾಲೆಯ ಲೆಕ್ಕಕ್ಕೂ ನಡುವೆ ಸೇತುವೆ ಕಟ್ಟುವವರಿಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಅವರ ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ಬರೆದದ್ದು ಇದನ್ನೇ. ಗಿರಾಕಿಗೆ ಚಿಲ್ಲರೆ ಲೆಕ್ಕವನ್ನು ತಟ್ಟನೆ ಹೇಳುವ ಮಗು ಪುಸ್ತಕದ ಭಾಗಾಕಾರದ ಮುಂದೆ ನಿಂತುಬಿಡುತ್ತದೆ. ಪುಸ್ತಕದ ಲೆಕ್ಕ ಬಿಡಿಸುವ ಮಗು ಅಂಗಡಿಯಲ್ಲಿ ನಿಂತುಬಿಡುತ್ತದೆ.

ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರುತ್ತದೆ. ಹತ್ತು ವರ್ಷದ ಮಗನ ಕೈಗೆ ನೂರರ ನೋಟು ಕೊಟ್ಟು ಅಂಗಡಿಗೆ ಕಳಿಸುತ್ತೇವೆ. ಹನ್ನೆರಡು ದಾಟಿದ ಮಗಳನ್ನು ಅದೇ ಅಂಗಡಿಗೆ ಕಳಿಸಲು ಹಿಂಜರಿಯುತ್ತೇವೆ. ಬಸ್ ಟಿಕೆಟ್, ಗೊಬ್ಬರದ ಚೀಟಿ, ಮೊಬೈಲ್ ರೀಚಾರ್ಜ್ ಎಲ್ಲ ಮಗನ ಪಾಲು. ಸಂಜೆ ಆರರಿಂದ ಎಂಟು ಅವನಿಗೆ ಪುಸ್ತಕದ ಹೊತ್ತು, ಅವಳಿಗೆ ಪಾತ್ರೆ, ನೀರು, ತಮ್ಮ ತಂಗಿಯರ ಹೊತ್ತು. ಗಣಿತ ಮಾತ್ರ ಓದಿ ಮುಗಿಸುವ ವಿಷಯವಲ್ಲ, ತಪ್ಪು ಮಾಡಿ ಅಳಿಸಿ ಮತ್ತೆ ಮಾಡಬೇಕು. ಅದಕ್ಕೆ ಕಡಿಯದ ಒಂದು ಗಂಟೆ ಬೇಕು. ಆ ಗಂಟೆ ಅವಳಿಗೆ ಸಿಗುತ್ತಿದೆಯೇ?

ಹತ್ತನೆಯ ನಂತರದ ಕವಲು

ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ಹತ್ತನೇ ತರಗತಿಯ ಫಲಿತಾಂಶ ಬಂದಾಗಲೆಲ್ಲ "ಹುಡುಗಿಯರೇ ಮೇಲುಗೈ" ಎಂಬ ತಲೆಬರಹ ಬರುತ್ತದೆ. ಅದನ್ನು ಓದಿ ಸಂತೋಷಪಟ್ಟು ಪತ್ರಿಕೆ ಮಡಿಚಿಡುತ್ತೇವೆ. ಅದಾದ ಒಂದು ತಿಂಗಳೊಳಗೆ ನಡೆಯುವುದನ್ನು ಯಾರೂ ತಲೆಬರಹ ಮಾಡುವುದಿಲ್ಲ. ಹನ್ನೊಂದನೆಯ ತರಗತಿಗೆ ಗುಂಪು ಆರಿಸುವಾಗ ಗಣಿತವಿರುವ ಗುಂಪು ಮಗನಿಗೆ, ಗಣಿತವಿಲ್ಲದ್ದು ಮಗಳಿಗೆ ಎಂಬ ತೀರ್ಮಾನ ಎಷ್ಟೋ ಮನೆಗಳಲ್ಲಿ ಅಂಕ ನೋಡದೆಯೇ ಆಗಿಹೋಗುತ್ತದೆ.

ಅದರ ಬೆಲೆ ಎಷ್ಟೆಂದು ತಿಳಿದುಕೊಳ್ಳಿ. ತಮಿಳುನಾಡಿನ ಎಂಜಿನಿಯರಿಂಗ್ ಪ್ರವೇಶದ 200 ಅಂಕಗಳಲ್ಲಿ 100 ಗಣಿತದ್ದೇ. ಉಳಿದ ನೂರು ಭೌತ ಮತ್ತು ರಸಾಯನ ವಿಜ್ಞಾನಗಳಿಗೆ ತಲಾ ಐವತ್ತು. ಹನ್ನೊಂದರಲ್ಲಿ ಗಣಿತ ಬಿಟ್ಟ ಮಗುವಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದ ಹಾಗೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ 7.5 ಮೀಸಲು 2021ರಿಂದ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ 'ಪುದುಮೈ ಪೆಣ್' ಯೋಜನೆಯಲ್ಲಿ, ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಗೆ ತಿಂಗಳಿಗೆ 1,000 ರೂಪಾಯಿ ಬರುತ್ತದೆ. ದೇಶದ ಐಐಟಿಗಳಲ್ಲಿ ಹುಡುಗಿಯರು ತೀರಾ ಕಡಿಮೆ ಎಂದು 2018ರಿಂದ ಅವರಿಗಾಗಿಯೇ ಹೆಚ್ಚುವರಿ ಸೀಟು ಸೃಷ್ಟಿಸಿದ್ದಾರೆ. ಸೀಟು ಇದೆ, ಸಹಾಯಧನವೂ ಇದೆ. ಆದರೆ ಹದಿನೈದನೇ ವಯಸ್ಸಿಗೆ ಗಣಿತ ಬಿಡಿಸಿದ ಮಗುವಿಗೆ ಎಂಜಿನಿಯರಿಂಗ್ ಸೀಟು ಇದ್ದೂ ಇಲ್ಲದಂತೆ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಕೂಲಿ ಮಾಡುವ ದಂಪತಿಗಳ ಮಗಳೊಬ್ಬಳು ನಮ್ಮ ಶಾಲೆಯಲ್ಲಿದ್ದಳು. ಗಣಿತದಲ್ಲಿ ತರಗತಿಗೇ ಮೊದಲಿಗಳು. ಗಣಿತದ ಗುಂಪು ಇದ್ದದ್ದು ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಊರಿನಲ್ಲಿ. ತಂದೆ ಬಂದು ಕೇಳಿದಾಗ ನಾನೇ ಹೇಳಿದೆ: "ಅಷ್ಟು ದೂರ ಯಾಕಪ್ಪಾ, ಹತ್ತಿರದಲ್ಲೇ ಯಾವುದಾದ್ರೂ ಗುಂಪು ಸೇರಿಸು. ಹೆಣ್ಣುಮಗು." ಅವರು ಕೈಮುಗಿದು ಹೋದರು. ಮುಂದಿನ ವರ್ಷ ಅವಳ ತಮ್ಮನ ಸರದಿ. ಅವನ ಅಂಕ ಅಕ್ಕನದಕ್ಕಿಂತ ತುಂಬ ಕಡಿಮೆ. ಅವನಿಗೆ ಗಣಿತದ ಸೀಟು ಕೊಡಿ ಎಂದು ಅದೇ ದೂರದ ಊರಿನ ಶಾಲೆಗೆ ಶಿಫಾರಸು ಪತ್ರ ಬರೆದವನೂ ನಾನೇ. ಬರೆಯುವಾಗ ಅಕ್ಕನ ನೆನಪು ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅವಳು ಸಿಕ್ಕಳು. ದ್ರಾಕ್ಷಿ ವ್ಯಾಪಾರದ ಮಂಡಿಯೊಂದರಲ್ಲಿ ಪೆಟ್ಟಿಗೆಗಳ ಲೆಕ್ಕ ಬರೆಯುತ್ತಿದ್ದಳು. ಮರ್ಯಾದೆಯಿಂದ ಎದ್ದು ನಿಂತು ಮಾತಾಡಿಸಿದಳು. ಹೊರಡುವಾಗ, "ಸಾರ್, ಆ ದಿನ ಅಪ್ಪ ಬಂದಾಗ ನನ್ನ ಮಾರ್ಕ್ಸ್ ಕಾರ್ಡ್ ತಂದಿದ್ದರಾ?" ಎಂದು ಕೇಳಿದಳು. ತಂದಿದ್ದರು. ಮೇಜಿನ ಮೇಲೇ ಇತ್ತು. ನಾನು ತೆರೆದು ನೋಡಿರಲಿಲ್ಲ.

ಇದು ನನ್ನ ಕಾಲದ ಗುಣವೂ ಹೌದು, ಆದರೆ ಅದನ್ನು ನೆಪ ಮಾಡಲಾರೆ. ಒಂದು ಕಾಲದಲ್ಲಿ ಹಲವು ರಾಜ್ಯಗಳ ಪ್ರೌಢಶಾಲೆಗಳಲ್ಲಿ ಹುಡುಗಿಯರು ಗಣಿತದ ಬದಲು ಗೃಹವಿಜ್ಞಾನ ತೆಗೆದುಕೊಳ್ಳಬಹುದಿತ್ತು. 1960ರ ದಶಕದ ಆರಂಭದಲ್ಲಿ ಹಂಸಾ ಮೆಹ್ತಾ ಅಧ್ಯಕ್ಷತೆಯ ಸಮಿತಿ ಹುಡುಗ ಹುಡುಗಿಯರಿಗೆ ಬೇರೆ ಬೇರೆ ಪಠ್ಯ ಬೇಡ ಎಂದಿತು. 1964–66ರ ಕೊಠಾರಿ ಆಯೋಗ ಅದನ್ನು ಒಪ್ಪಿ, ಮೊದಲ ಹತ್ತು ವರ್ಷ ಗಣಿತ ಮತ್ತು ವಿಜ್ಞಾನ ಎಲ್ಲರಿಗೂ ಕಡ್ಡಾಯವಾಗಲಿ ಎಂದಿತು. ಹತ್ತನೆಯವರೆಗೆ ನಿಮ್ಮ ಮಗಳು ಗಣಿತ ಓದುತ್ತಿರುವುದು ಆ ಹೋರಾಟದ ಫಲ. ಹತ್ತರ ನಂತರದ ಮಾತು ಮಾತ್ರ ಯಾವ ಆಯೋಗದ ಕೈಯಲ್ಲೂ ಇಲ್ಲ. ಅದು ನಿಮ್ಮ ಕೈಯಲ್ಲಿದೆ.

ಲೀಲಾವತಿಯ ಕಥೆ

ಈ ಮಾತು ಬಂದಾಗ ಯಾರಾದರೂ ಲೀಲಾವತಿಯನ್ನು ನೆನೆಯುತ್ತಾರೆ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಗಣಿತ ಗ್ರಂಥದ ಹೆಸರು ಅದು. ಅದರ ಅನೇಕ ಲೆಕ್ಕಗಳು ಬಾಲೆಯೊಬ್ಬಳನ್ನು ಕರೆದು ಕೇಳುವಂತಿವೆ. ಅವಳು ಭಾಸ್ಕರರ ಮಗಳು, ಮದುವೆಯ ಮುಹೂರ್ತ ನೋಡುವ ಜಲಗಡಿಯಾರಕ್ಕೆ ಮುತ್ತೊಂದು ಬಿದ್ದು ಮುಹೂರ್ತ ತಪ್ಪಿತು, ಅವಳ ಸಮಾಧಾನಕ್ಕೆ ತಂದೆ ಈ ಪುಸ್ತಕ ಬರೆದರು ಎಂದು ಕಥೆ. ಭಾಸ್ಕರರ ಗ್ರಂಥದಲ್ಲಿ ಈ ಕಥೆಯಿಲ್ಲ. ಅದು ನಾಲ್ಕು ಶತಮಾನಗಳ ಮೇಲೆ, 1587ರಲ್ಲಿ ಫೈಜಿ ಮಾಡಿದ ಪರ್ಷಿಯನ್ ಅನುವಾದದಿಂದ ಹಬ್ಬಿತು. ನಾನೂ ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ್ದೇನೆ. ಆಮೇಲೆ ಅನಿಸಿತು, ಮದುವೆ ತಪ್ಪಿದ ಹುಡುಗಿಗೆ ಮಾತ್ರ ಗಣಿತ ಎಂದಾಯಿತಲ್ಲ ಇದರ ಅರ್ಥ? ಹುಡುಗಿ ಲೆಕ್ಕ ಕಲಿಯಲು ದುಃಖದ ಕಾರಣ ಏಕೆ ಬೇಕು?

ಕನ್ನಡದಲ್ಲೇ 12ನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ' ಬರೆದ. ನಮ್ಮ ಭಾಷೆಗೆ ಗಣಿತ ಹೊಸತಲ್ಲ ಎಂದು ಮಕ್ಕಳಿಗೆ ಹೇಳಿ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದನ್ನೂ ಹೇಳಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಅದು ಕೋಟಿಗೊಬ್ಬರ ಪವಾಡ. ಪವಾಡವನ್ನೇ ತೋರಿಸಿದರೆ, ತಾನು ಪವಾಡವಲ್ಲ, ಹಾಗಾಗಿ ತನಗೆ ಗಣಿತವಲ್ಲ ಎಂದು ಮಗಳು ತಿಳಿಯುತ್ತಾಳೆ.

ತಮಿಳುನಾಡಿನಲ್ಲೇ ಶಾಲೆ ಕಲಿತ ಆರ್. ಪರಿಮಳಾ ಅವರ ವಿಷಯ ಹೇಳಿ. 1948ರಲ್ಲಿ ಹುಟ್ಟಿದ ಅವರು ಬೀಜಗಣಿತದಲ್ಲಿ ಸಂಶೋಧನೆ ಮಾಡಿ 1987ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದರು. ಗಣಿತದ ಅತಿ ದೊಡ್ಡ ಗೌರವವಾದ ಫೀಲ್ಡ್ಸ್ ಪದಕವನ್ನು 1936ರಿಂದ ಕೊಡುತ್ತಿದ್ದರೂ 2014ರವರೆಗೆ ಒಬ್ಬ ಮಹಿಳೆಗೂ ಅದು ಸಿಕ್ಕಿರಲಿಲ್ಲ. ಆ ವರ್ಷ ಅದನ್ನು ಪಡೆದವರು ಇರಾನಿನಲ್ಲಿ ಹುಟ್ಟಿದ ಮರಿಯಮ್ ಮಿರ್ಜಾಖಾನಿ. ನೆಲದ ಮೇಲೆ ದೊಡ್ಡ ದೊಡ್ಡ ಹಾಳೆ ಹರಡಿಕೊಂಡು ಚಿತ್ರ ಬಿಡಿಸುತ್ತ ಯೋಚಿಸುವುದು ಅವರ ರೀತಿಯಾಗಿತ್ತು. ನಿಧಾನವಾಗಿ, ತಪ್ಪು ಮಾಡುತ್ತ ಯೋಚಿಸುವುದೂ ಗಣಿತವೇ ಎಂದು ಇದರಿಂದ ಮಗಳಿಗೆ ತಿಳಿಯುತ್ತದೆ.

ನೀವು ಮಾಡಬಹುದಾದದ್ದು

ಉಪದೇಶ ಸಾಕು, ಕೆಲಸಕ್ಕೆ ಬರೋಣ. ಇವುಗಳಲ್ಲಿ ಯಾವುದಕ್ಕೂ ಹಣ ಬೇಕಿಲ್ಲ.

ಮೊದಲನೆಯದು, ಮಾತು ಬದಲಿಸಿ. ಮಗನಾಗಲಿ ಮಗಳಾಗಲಿ, "ಬುದ್ಧಿವಂತ", "ಪಾಪ ಕಷ್ಟಪಟ್ಟಳು" ಎರಡೂ ಬೇಡ. "ಇದನ್ನು ಹೇಗೆ ಮಾಡಿದೆ, ನನಗೆ ಹೇಳಿಕೊಡು" ಅನ್ನಿ. ನಿಮಗೆ ಲೆಕ್ಕ ಬರದಿದ್ದರೆ ಇನ್ನೂ ಒಳ್ಳೆಯದು. ಹೇಳಿಕೊಡುವವರು ಕಲಿಯುತ್ತಾರೆ.

ಎರಡನೆಯದು ತಾಯಂದಿರಿಗೆ. "ನನಗೂ ಗಣಿತ ಅಂದ್ರೆ ಭಯ ಇತ್ತು ಕಣೇ" ಎಂದು ಮಗಳ ಮುಂದೆ ಹೇಳಬೇಡಿ. ಅಮೆರಿಕದಲ್ಲಿ ಒಂದು ಮತ್ತು ಎರಡನೇ ತರಗತಿಯ ಶಿಕ್ಷಕಿಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಗಣಿತದ ಭಯವಿದ್ದ ಶಿಕ್ಷಕಿಯ ತರಗತಿಯಲ್ಲಿ ವರ್ಷದ ಕೊನೆಗೆ ಹುಡುಗಿಯರ ಗಣಿತ ಕುಂದಿತ್ತು, ಹುಡುಗರದು ಕುಂದಿರಲಿಲ್ಲ. ಮಗಳು ತನ್ನಂತಿರುವವಳನ್ನು ನೋಡಿ ಕಲಿಯುತ್ತಾಳೆ. ಸಂಘದ ಪುಸ್ತಕವನ್ನು ಅವಳ ಮುಂದೆ ಬರೆಯಿರಿ, ಬಡ್ಡಿ ತಾಳೆ ನೋಡಲು ಅವಳಿಗೆ ಕೊಡಿ.

ಮೂರನೆಯದು, ಸಂತೆಗೆ ಮಗಳನ್ನು ಕರೆದೊಯ್ದು ಹಣ ಅವಳ ಕೈಯಲ್ಲಿಡಿ. ಮನೆಗೆ ಬಂದ ಮೇಲೆ ಅದೇ ಲೆಕ್ಕವನ್ನು ಕಾಗದದ ಮೇಲೆ, ಶಾಲೆಯ ರೀತಿಯಲ್ಲಿ ಬರೆಸಿ. ಮೇಲೆ ಹೇಳಿದ ಸೇತುವೆ ಇದೇ. ಮಗನನ್ನು ಅಡುಗೆಮನೆಗೆ ಕರೆಯಿರಿ. ಮೂರು ಪಾವು ಅಕ್ಕಿಗೆ ಮುಕ್ಕಾಲು ಪಾವು ಉದ್ದಾದರೆ ಎಂಟು ಪಾವಿಗೆ ಎಷ್ಟು ಎಂದು ಕೇಳಿ. ಅನುಪಾತ ಅವನಿಗೂ ಬೇಕು.

ನಾಲ್ಕನೆಯದು, ಸಂಜೆ ಒಂದು ಗಂಟೆ ಮಗಳಿಗೆ ಬಿಟ್ಟುಕೊಡಿ. ಆ ಹೊತ್ತಿನ ನೀರು ಮಗ ತರಲಿ.

ಐದನೆಯದು ಕನ್ನಡ ಮಾಧ್ಯಮದ ನಮಗೇ ವಿಶೇಷ. ಹನ್ನೊಂದಕ್ಕೆ ಹೋಗುವ ಮಗುವಿಗೆ ಭಾಷೆ ಬದಲಾಗುತ್ತದೆಂಬ ಭಯ. "ಗಣಿತವೂ ಕಷ್ಟ, ಇಂಗ್ಲಿಷೂ ಕಷ್ಟ, ಹುಡುಗಿಗೆ ಯಾಕೆ ಎರಡು ಕಷ್ಟ" ಎಂದು ಗಣಿತ ಬಿಡಿಸುವವರನ್ನು ನೋಡಿದ್ದೇನೆ. ಎಂಟನೇ ತರಗತಿಯಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಹಾಕಿಸಿ. ಒಂದರಲ್ಲಿ ಭಿನ್ನರಾಶಿ, ಪಕ್ಕದಲ್ಲಿ ತಮಿಳಿನ 'ಪಿನ್ನಂ', ಅದರ ಪಕ್ಕ ಇಂಗ್ಲಿಷಿನ 'ಫ್ರ್ಯಾಕ್ಷನ್'. ಮಲಯಾಳದ ಕಡೆಯವರು ಮಲಯಾಳದ ಪದ ಬರೆಯಲಿ. ವಾರಕ್ಕೆ ಐದು ಪದವಾದರೂ ಹತ್ತನೆಯ ಹೊತ್ತಿಗೆ ಐನೂರು ದಾಟುತ್ತದೆ. ಕನ್ನಡದಲ್ಲಿ ಅರ್ಥವಾದ ಲೆಕ್ಕ ಯಾವ ಭಾಷೆಯಲ್ಲೂ ಅದೇ ಲೆಕ್ಕ, ಹೆಸರಷ್ಟೇ ಬೇರೆ.

ಆರನೆಯದು, ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಬಡಮಕ್ಕಳು ಅದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಗಣಿತವೂ ತರ್ಕವೂ ಬೇಕಾದ ಪರೀಕ್ಷೆ. ಮಗಳ ಹೆಸರು ಕೊಟ್ಟಿದ್ದಾರೆಯೇ ಎಂದು ಶಾಲೆಯಲ್ಲಿ ವಿಚಾರಿಸಿ.

ಏಳನೆಯದು, ಪಾಲಕರ ಸಭೆಗೆ ಹೋದಾಗ "ನಮ್ಮ ಹುಡುಗಿ ಹೇಗೆ ಓದ್ತಾಳೆ?" ಎಂದು ಕೇಳಿ ಬರಬೇಡಿ. "ಈ ವಾರ ಕಪ್ಪುಹಲಗೆಗೆ ಎಷ್ಟು ಹುಡುಗಿಯರು ಬಂದರು?" ಎಂದು ಕೇಳಿ. ಒಳ್ಳೆಯ ಮೇಷ್ಟರಿಗೆ ಕೋಪ ಬರುವುದಿಲ್ಲ. ನನ್ನ ಹಾಗೆ ಡೈರಿ ತೆಗೆಯುತ್ತಾರೆ.

ಕೊನೆಯದಾಗಿ, ಹತ್ತರ ಫಲಿತಾಂಶ ಬಂದಾಗ ಮಗಳಿಗೆ ಯಾವ ಗುಂಪು, ಏಕೆ ಎಂದು ಒಂದು ಕಾಗದದಲ್ಲಿ ಬರೆಯಿರಿ. ಮಗಳು ಎಂದಿರುವ ಕಡೆ ಮಗ ಎಂದು ತಿದ್ದಿ ಮತ್ತೆ ಓದಿ. ಕಾರಣ ಆಗಲೂ ನಿಲ್ಲುತ್ತದೆಯೇ? ಅವಳಿಗೆ ಬೇರೆ ವಿಷಯ ಇಷ್ಟವಾಗಿದ್ದರೆ ಸಂತೋಷದಿಂದ ಸೇರಿಸಿ, ಎಲ್ಲರೂ ಗಣಿತವನ್ನೇ ಓದಬೇಕೆಂದಿಲ್ಲ. ಆದರೆ ಬಸ್ಸು ದೂರ, ಜನ ಏನಂತಾರೆ, ಹೆಣ್ಣುಮಗು ಎಂಬುದಷ್ಟೇ ಕಾರಣವಾಗಿದ್ದರೆ, ಮುಖ್ಯೋಪಾಧ್ಯಾಯರ ಬಳಿ ಹೋಗಿ ಅಂಕಪಟ್ಟಿಯನ್ನು ಮೇಜಿನ ಮೇಲೆ ಮಡಿಚಿಡಬೇಡಿ. ತೆರೆದು ಅವರ ಕಣ್ಣ ಮುಂದೆ ಹಿಡಿಯಿರಿ. ಗಣಿತದ ಸಾಲನ್ನು ಬೆರಳಿಟ್ಟು ತೋರಿಸಿ.